ಏನೂ ಬಿಡದ ಗಿಡ

ಗುಬ್ಬಿ ಕಡೆಯ ತೋಟಗಾರರ ಮುಂದೆ ಹೊಸ ಗಿಡವೊಂದನ್ನು ಇಟ್ಟರೆ ಮೊದಲು ಬರುವ ಪ್ರಶ್ನೆ: ‘ಏನ್ ಬಿಡುತ್ತೆ ಇದು?’ ತೆಂಗು ಕಾಯಿ ಬಿಡುತ್ತದೆ, ಅಡಿಕೆ ಗೊನೆ ಬಿಡುತ್ತದೆ, ಹಲಸಿನ ಮರದ ಬುಡದಿಂದಲೇ ಹಣ್ಣು ಜೋತುಬೀಳುತ್ತದೆ. ಅಡಿಕೆ ಮರಕ್ಕೆ ಹಬ್ಬಿಸಿದ ವೀಳ್ಯದೆಲೆ ಬಳ್ಳಿ ಕಾಯಿ ಕೊಡದಿದ್ದರೂ ಎಲೆ ಕೊಯ್ದು ಕಟ್ಟು ಕಟ್ಟಿದರೆ ಸಂತೆಯಲ್ಲಿ ಕಾಸು. ಕ್ರೋಟನ್ ಗಿಡದ ಮುಂದೆ ಈ ಪ್ರಶ್ನೆ ಸೋಲುತ್ತದೆ. ಅದರ ಎಲೆ ತಿನ್ನುವಂತಿಲ್ಲ, ದನಕ್ಕೂ ಹಾಕುವಂತಿಲ್ಲ. ಹೂ ಬಿಡುತ್ತದೆ, ಆದರೆ ದಾರಕ್ಕೆ ಪುಟ್ಟ ಮಣಿ ಪೋಣಿಸಿದ ಹಾಗಿರುವ ಆ ಬಿಳಿ ಹೂಗೊಂಚಲನ್ನು ಯಾರೂ ಹೂವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕೇ ಇಂಥ ಗಿಡಗಳಿಗೆಲ್ಲ ಈ ಸೀಮೆಯಲ್ಲಿ ಒಂದೇ ಹೆಸರು: ಶೋ ಗಿಡ.

ಹಾಗಿದ್ದೂ ತುಮಕೂರಿನ ಯಾವುದೇ ಹಳೆಯ ಬಡಾವಣೆಯಲ್ಲಿ ಗೇಟು ತೆರೆದು ಒಳಗೆ ಹೋದರೆ ತುಳಸಿಕಟ್ಟೆ, ದಾಸವಾಳ, ಒಂದು ತೆಂಗಿನ ಮರ, ಅವುಗಳ ನಡುವೆ ಒಂದಾದರೂ ಕ್ರೋಟನ್ ಸಿಗುತ್ತದೆ. ಹಳದಿ ನರದ ಅಗಲ ಎಲೆಯದ್ದೋ, ತಿರುಪಿದ ರಿಬ್ಬನ್ನಿನಂಥ ಕೆಂಪೆಲೆಯದ್ದೋ, ಹಸಿರಿನ ಮೇಲೆ ಅರಿಶಿನ ಚಿಮುಕಿಸಿದಂಥದ್ದೋ. ದುಡ್ಡು ಕೊಟ್ಟು ತಂದಿದ್ದು ಕಡಿಮೆ. ‘ಅಕ್ಕ, ಒಂದು ಕಡ್ಡಿ ಕೊಡಿ’ ಎಂದು ಕೇಳಿ ತಂದಿದ್ದೇ ಹೆಚ್ಚು. ಕೇಳದೆ ಮುರಿದುಕೊಂಡು ಬಂದ ಕಡ್ಡಿ ಇನ್ನೂ ಚೆನ್ನಾಗಿ ಚಿಗುರುತ್ತದೆ ಎಂಬ ನಂಬಿಕೆಯೂ ಇದೆ. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಆಧಾರವಿಲ್ಲ. ಆದರೆ ಕೈಯಿಂದ ಕೈಗೆ, ಕಾಂಪೌಂಡಿನಿಂದ ಕಾಂಪೌಂಡಿಗೆ ದಾಟಿದ ಈ ಕಡ್ಡಿ ಮೊದಲು ಹೊರಟ ಜಾಗ ಬಹಳ ದೂರದ್ದು.

ಇಂದಿನ ಇಂಡೊನೇಷ್ಯಾದ ಪೂರ್ವ ಭಾಗದಲ್ಲಿ ಲವಂಗ, ಜಾಯಿಕಾಯಿಗಳಿಗೆ ಹೆಸರಾದ ಮಲುಕು ದ್ವೀಪಗಳಿವೆ. ಅಲ್ಲಿಂದ ನ್ಯೂಗಿನಿ, ಆಸ್ಟ್ರೇಲಿಯದ ಉತ್ತರ ಅಂಚು, ಪೆಸಿಫಿಕ್ ದ್ವೀಪಗಳವರೆಗೆ ಕ್ರೋಟನ್ನಿನ ತವರು. ಅದನ್ನು ಯುರೋಪಿನ ಪಂಡಿತರಿಗೆ ಬರೆದು ತಿಳಿಸಿದವನು ಡಚ್ ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿ ಅಂಬಾನ್ ದ್ವೀಪದಲ್ಲಿದ್ದ ಜರ್ಮನ್ ಮೂಲದ ಗೇಯಾರ್ಗ್ ರುಂಫಿಯಸ್. ಬಣ್ಣದೆಲೆಯ ಗಿಡವನ್ನು ವರ್ಣಿಸಿದ ಈತ ಕುರುಡ. 1670ರಲ್ಲಿ ದೃಷ್ಟಿ ಹೋಯಿತು. 1674ರ ಭೂಕಂಪದಲ್ಲಿ ಹೆಂಡತಿ, ಮಗಳು ತೀರಿಕೊಂಡರು. 1687ರ ಬೆಂಕಿಯಲ್ಲಿ ಗಿಡಗಳ ಚಿತ್ರಗಳು ಸುಟ್ಟುಹೋದವು. ಮತ್ತೆ ಬರೆಸಿ ಕಳಿಸಿದ ಹಸ್ತಪ್ರತಿಯನ್ನು ಹೊತ್ತ ಹಡಗನ್ನು 1692ರಲ್ಲಿ ಫ್ರೆಂಚರು ಮುಳುಗಿಸಿದರು. ನಕಲೊಂದು ಉಳಿದಿದ್ದರಿಂದ ಪುಸ್ತಕ ಬದುಕಿತು, ಅದೂ ಆತ ಸತ್ತು ಸುಮಾರು ನಲವತ್ತು ವರ್ಷಗಳ ಮೇಲೆ, 1741ರಿಂದ ಸಂಪುಟ ಸಂಪುಟವಾಗಿ ಅಚ್ಚಾಯಿತು. ‘ಹರ್ಬೇರಿಯಂ ಅಂಬೊಯ್ನೆನ್ಸ್’ ಎಂಬ ಆ ಗ್ರಂಥದಲ್ಲಿ ದ್ವೀಪದವರ ಬಾಯಿಮಾತಿನ ‘ಕೊಡಿಹೊ’ ಎಂಬ ಹೆಸರನ್ನೇ ಲ್ಯಾಟಿನ್ನಿಗೆ ತಿರುಗಿಸಿ ಗಿಡಕ್ಕೆ ‘ಕೊಡಿಯಮ್’ ಎಂದು ಇಡಲಾಗಿದೆ.

ಹಾಗಾದರೆ ಕ್ರೋಟನ್ ಎಂಬ ಹೆಸರು ಎಲ್ಲಿಂದ ಬಂತು? ಅದು ಸಸ್ಯಶಾಸ್ತ್ರಜ್ಞ ಲಿನೇಯಸ್ ಮಾಡಿದ ಎಡವಟ್ಟು. 1753ರಲ್ಲಿ ಜಗತ್ತಿನ ಗಿಡಗಳಿಗೆಲ್ಲ ಎರಡೆರಡು ಪದದ ಹೆಸರಿಡುತ್ತ ಹೋದ ಆತ ಇದನ್ನು ಜಾಪಾಳದ ಕುಲಕ್ಕೆ ಸೇರಿಸಿಬಿಟ್ಟ. ನಾಟಿ ಔಷಧದವರು ಭೇದಿ ಮಾಡಿಸಲು ಕೊಡುತ್ತಿದ್ದ ಜಾಪಾಳವೇ ನಿಜವಾದ ಕ್ರೋಟನ್. ಗ್ರೀಕಿನಲ್ಲಿ ಆ ಪದಕ್ಕೆ ಉಣುಗು ಎಂದರ್ಥ. ಎಮ್ಮೆಯ ಮೈಗೆ ಹತ್ತಿಕೊಂಡು ರಕ್ತ ಹೀರಿ ಉಬ್ಬಿದ ಉಣುಗನ್ನೂ ಜಾಪಾಳ, ಹರಳು ಬೀಜಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಹೆಸರಿನ ಗುಟ್ಟು ಬಿಡಿಸಿ ಹೇಳಬೇಕಿಲ್ಲ. ಹರಳು ಗಿಡದ ಲ್ಯಾಟಿನ್ ಹೆಸರು ‘ರಿಸಿನಸ್’; ಅದರ ಅರ್ಥವೂ ಉಣುಗೇ. 1824ರಲ್ಲಿ ಫ್ರಾನ್ಸಿನ ಅಡ್ರಿಯನ್ ಜುಸ್ಯೂ ತಪ್ಪು ತಿದ್ದಿ ಬಣ್ಣದೆಲೆಯ ಗಿಡವನ್ನು ಕೊಡಿಯಮ್ ಕುಲಕ್ಕೆ ವಾಪಸು ಕಳಿಸಿದ. ಅಷ್ಟರಲ್ಲಿ ಕ್ರೋಟನ್ ಎಂಬುದು ಬಾಯಿಗೆ ಕೂತಾಗಿತ್ತು. ತುಮಕೂರಿನ ನರ್ಸರಿಯಲ್ಲಿ ಇಂದು ‘ಕೊಡಿಯಮ್ ಇದೆಯಾ?’ ಎಂದು ಕೇಳಿದರೆ ಯಾವುದೋ ಕೀಟನಾಶಕ ಇರಬೇಕೆಂದುಕೊಂಡಾರು.

ಹತ್ತೊಂಬತ್ತನೆಯ ಶತಮಾನದ ನಡುವೆ ಇಂಗ್ಲೆಂಡಿಗೆ ಎಲೆಯ ಹುಚ್ಚು ಹಿಡಿಯಿತು. ಗಾಜು ಅಗ್ಗವಾಯಿತು, ಕಲ್ಲಿದ್ದಲಿನ ಶಾಖದಲ್ಲಿ ಬೆಚ್ಚಗಿರುವ ಗಾಜಿನ ಮನೆಗಳೆದ್ದವು. ನಥಾನಿಯಲ್ ವಾರ್ಡ್ ಎಂಬ ಲಂಡನ್ನಿನ ವೈದ್ಯ ಕಂಡುಹಿಡಿದ ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಗಿಡಗಳು ತಿಂಗಳುಗಟ್ಟಲೆ ಹಡಗಿನ ಮೇಲೆ ಉಪ್ಪುಗಾಳಿ ತಾಕದೆ ಬದುಕಿದವು. ವೀಚ್ ಎಂಬ ನರ್ಸರಿ ಮನೆತನದ ಜಾನ್ ಗೂಲ್ಡ್ ವೀಚ್ 1860ರ ದಶಕದಲ್ಲಿ ಪೆಸಿಫಿಕ್ ದ್ವೀಪಗಳನ್ನು ಸುತ್ತಿ ಕ್ರೋಟನ್, ಡ್ರಸೀನಾ ಜಾತಿಯ ಬಣ್ಣದೆಲೆಗಳನ್ನು ಹೊತ್ತು ತಂದ. ಇಂಗ್ಲೆಂಡಿನ ಚಳಿಗೆ ಗಾಜಿನ ಮನೆ ಬೇಕಿತ್ತು. ಅದೇ ಗಿಡಗಳು ವಸಾಹತುಗಳಿಗೆ ಬಂದಾಗ ಬಯಲಲ್ಲೇ ನಿಂತವು. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದ ಬೆಂಗಳೂರಿನ ಲಾಲ್‌ಬಾಗಿನಲ್ಲಿ 1874ರಿಂದ 1908ರವರೆಗೆ ಜಾನ್ ಕ್ಯಾಮರಾನ್, ಆಮೇಲೆ ಬರೋಡಾದಿಂದ ಬಂದ ಜರ್ಮನಿಯ ಕೃಂಬಿಗಲ್ ಹೊರದೇಶದ ಗಿಡಗಳನ್ನು ತರಿಸಿ ನೆಟ್ಟು ನೋಡುವುದನ್ನೇ ಕಸುಬು ಮಾಡಿಕೊಂಡಿದ್ದರು. ಕೃಂಬಿಗಲ್ ಅವರ ಉತ್ತರಾಧಿಕಾರಿ ಎಚ್.ಸಿ. ಜವರಾಯ, ಅವರ ನಂತರ ಎಂ.ಎಚ್. ಮರೀಗೌಡ ಈ ಅಭಿರುಚಿಯನ್ನು ಅರಮನೆ, ಬಂಗಲೆಗಳಾಚೆ ಎಳೆದು ತಂದರು. ವರ್ಷಕ್ಕೆರಡು ಸಲ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ಬರುವ ತುಮಕೂರಿನವರ ಕೈಚೀಲದಲ್ಲಿ ಒಂದಾದರೂ ಪಾಲಿಥೀನ್ ಪೊಟ್ಟಣ ಇರುವುದು ಈ ಕಥೆಯದೇ ಮುಂದುವರಿಕೆ.

ಈ ಗಿಡಗಳು ಪರದೇಶದವಾದರೂ ಇವುಗಳ ನೆಂಟರು ಇಲ್ಲಿ ಮೊದಲೇ ಇದ್ದರು. ಕ್ರೋಟನ್ನು ಹರಳು, ಮರಗೆಣಸುಗಳ ವಂಶದ್ದು. ಎಲೆ ಮುರಿದರೆ ಸ್ರವಿಸುವ ಹಾಲು ಕೆಲವರ ಚರ್ಮಕ್ಕೆ ತುರಿಕೆ ತರುವುದೂ ಅದಕ್ಕೇ. ತಾಮ್ರದ ಬಣ್ಣದ ಅಗಲ ಎಲೆಯ ಅಕಾಲಿಫಾ ಬೇಲಿಸಾಲಿನ ರಾಣಿ. ಹಿತ್ತಲಲ್ಲಿ ತಾನೇ ಹುಟ್ಟುವ, ಬೆಕ್ಕು ಬೇರನ್ನು ಹುಡುಕಿ ಬರುವ ಕುಪ್ಪಿಗಿಡ ಅದರ ಬಡ ತಂಗಿ. ಮಕ್ಕಳ ಕೆಮ್ಮಿಗೆ ಬಾಡಿಸಿ ರಸ ಹಿಂಡುವ ದೊಡ್ಡಪತ್ರೆಯೂ ಮಖಮಲ್ಲಿನಂಥ ಕೋಲಿಯಸ್ಸೂ ಒಂದೇ ಕುಲದವು. ಎರಡರ ಕಾಂಡವನ್ನೂ ಬೆರಳಲ್ಲಿ ತಿರುಗಿಸಿ ನೋಡಿದರೆ ನಾಲ್ಕು ಮೂಲೆ ಸಿಗುತ್ತವೆ. ನೇರಳೆ ಎಲೆಯ ಸ್ಯೂಡೆರಾಂತಿಮಮ್ ಎಂಬ ನಾಲಗೆ ತೊಡರುವ ಹೆಸರಿನ ಪೊದೆ ಕನಕಾಂಬರ, ಆಡುಸೋಗೆಗಳ ಬಳಗ. ಬಿಳಿ ಮಚ್ಚೆಯ ಡಿಫನ್‌ಬಾಕಿಯಾ ಕೆಸುವಿನ ಸಂಬಂಧಿ. ಕೆಸುವಿನೆಲೆಗೆ ಹುಣಸೆಹುಳಿ ಕಡಿಮೆ ಬಿದ್ದರೆ ಗಂಟಲು ಕೆರೆಯುವುದು ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಸೂಜಿ ಹರಳುಗಳಿಂದ. ಅದೇ ಸೂಜಿಗಳು ಡಿಫನ್‌ಬಾಕಿಯಾದಲ್ಲೂ ಇವೆ. ಮಗು ಎಲೆ ಕಚ್ಚಿದರೆ ನಾಲಗೆ ಊದಿ ಮಾತು ನಿಲ್ಲಬಹುದು. ತೆವಳುವ ಮಗುವಿರುವ ಮನೆಯಲ್ಲಿ ಈ ಕುಂಡ ನೆಲದ ಮೇಲಿರಬಾರದು.

ಒಂದು ವ್ಯತ್ಯಾಸವನ್ನೂ ಹೇಳಬೇಕು. ಅಂದಕ್ಕೆಂದು ತಂದ ಪೊದೆಗಳಲ್ಲಿ ಲಂಟಾನವೂ ಒಂದಾಗಿತ್ತು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು, ಇವತ್ತು ದೇವರಾಯನದುರ್ಗದ ಇಳಿಜಾರಿನಲ್ಲೂ ಅದರ ಮುಳ್ಳುಪೊದೆ. ಕ್ರೋಟನ್ ಹಾಗೆ ಹಾದಿ ತಪ್ಪಿಲ್ಲ. ಮನುಷ್ಯ ಕಡ್ಡಿ ನೆಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಇನ್ನು ಬಣ್ಣದ ವಿಷಯ. ನರ್ಸರಿಯಲ್ಲಿ ಬೆಂಕಿಯಂತೆ ಉರಿಯುತ್ತಿದ್ದ ಗಿಡ ಮನೆಗೆ ಬಂದು ಮೂರು ತಿಂಗಳಿಗೆ ಮಂಕು ಹಸಿರಾಗುತ್ತದೆ, ಕೆಳಗಿನ ಎಲೆಗಳು ಒಂದೊಂದಾಗಿ ಉದುರಿ ಬೋಳು ಕಡ್ಡಿಯ ತುದಿಗೆ ಜುಟ್ಟು ಉಳಿಯುತ್ತದೆ. ‘ಮೋಸ ಮಾಡಿದ್ರು, ಬಣ್ಣ ಹಾಕಿ ಕೊಟ್ಟಿದ್ರು’ ಎಂಬ ದೂರು ಆಗ ಕೇಳಿಬರುತ್ತದೆ. ಮೋಸ ನರ್ಸರಿಯವರದಲ್ಲ, ಗಿಡವನ್ನಿಟ್ಟ ಮನೆಯ ಹಾಲ್‌ನ ಕತ್ತಲ ಮೂಲೆಯದು. ಎಲೆಯಲ್ಲಿ ಹಸಿರಿನ ಪತ್ರಹರಿತ್ತು, ಹಳದಿ-ಕಿತ್ತಳೆಯ ಕ್ಯಾರಟಿನಾಯ್ಡ್, ಕೆಂಪು-ನೇರಳೆಯ ಆಂಥೋಸಯನಿನ್ ಎಂಬ ಮೂರು ಬಣ್ಣಗಾರರಿದ್ದಾರೆ. ಬಿಸಿಲು ಜೋರಾದಾಗ ಕೆಂಪು ಬಣ್ಣ ಎಲೆಗೆ ಕೊಡೆ ಹಿಡಿಯುತ್ತದೆ. ಬೆಳಕು ಕಡಿಮೆಯಾದರೆ ಗಿಡಕ್ಕೆ ಊಟದ ಚಿಂತೆ. ಇದ್ದಬದ್ದ ಜಾಗದಲ್ಲೆಲ್ಲ ಪತ್ರಹರಿತ್ತು ತುಂಬಿ ಹೊಟ್ಟೆ ಹೊರೆಯಲು ನೋಡುತ್ತದೆ.

ಇಲ್ಲಿ ಕಣ್ಣು ದಾರಿ ತಪ್ಪಿಸುತ್ತದೆ. ನಡುಮಧ್ಯಾಹ್ನದ ಬಯಲಿನ ಬೆಳಕು ಸುಮಾರು 1,00,000 ಲಕ್ಸ್. ಕಿಟಕಿಯಿಂದ ದೂರದ ಹಾಲಿನ ಮೂಲೆಯಲ್ಲಿ ಕೆಲವು ನೂರು ಮಾತ್ರ. ಒಳಗೆ ಬಂದ ಕೂಡಲೇ ಪಾಪೆ ಹಿಗ್ಗಿ ಕಣ್ಣು ಹೊಂದಿಕೊಳ್ಳುವುದರಿಂದ ‘ಒಳ್ಳೇ ಬೆಳಕಿದೆಯಲ್ಲ’ ಎನಿಸುತ್ತದೆ. ಎಲೆಗೆ ಪಾಪೆಯಿಲ್ಲ. ಅದರ ಪಾಲಿಗೆ ಆ ಮೂಲೆ ಅಮಾವಾಸ್ಯೆ. ಮನೆಯೊಳಗಿನ ಗಾಳಿಯನ್ನು ಇವು ಶುದ್ಧ ಮಾಡುತ್ತವೆ ಎಂಬ ಮಾತನ್ನು ನಂಬಿ ಒಳಗಿಡುವವರೂ ಇದ್ದಾರೆ. ಆ ಮಾತಿಗೆ ಆಧಾರವಾದ, 1989ರಲ್ಲಿ ನಾಸಾ ಮಾಡಿದ ಪ್ರಯೋಗ ಗಾಳಿಯಾಡದ ಪುಟ್ಟ ಪೆಟ್ಟಿಗೆಯೊಳಗಿನದು. ಬಾಗಿಲು, ಕಿಟಕಿ ಇರುವ ಮನೆಯಲ್ಲಿ ಅಷ್ಟೇ ಫಲ ಸಿಗಬೇಕಾದರೆ ಪ್ರತಿ ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕಾದೀತು ಎಂದು 2019ರ ವಿಮರ್ಶೆಯೊಂದು ಲೆಕ್ಕ ಹಾಕಿದೆ. ಆಮೇಲೆ ಮನುಷ್ಯರು ನಿಲ್ಲುವುದೆಲ್ಲಿ?

ನಡುಬಿಸಿಲೂ ಎಲ್ಲಕ್ಕೂ ಒಗ್ಗುವುದಿಲ್ಲ. ಶೇಡ್ ನೆಟ್‌ ಕೆಳಗೆ ಬೆಳೆದ ಕ್ರೋಟನ್ನನ್ನು ಏಪ್ರಿಲ್‌ನಲ್ಲಿ ತಂದು ನೇರ ತಾರಸಿಗೆ ಇಟ್ಟರೆ ಎರಡೇ ದಿನಕ್ಕೆ ಎಲೆ ಇಸ್ತ್ರಿ ತಗುಲಿದ ಬಟ್ಟೆಯಂತೆ ಕಂದುತ್ತದೆ. ಮರದ ಕೆಳಗೆ ಹದಿನೈದು ದಿನ, ಆಮೇಲೆ ಬೆಳಗಿನ ಬಿಸಿಲಿಗೆ, ಹೀಗೆ ಹಂತಹಂತವಾಗಿ ರೂಢಿ ಮಾಡಿಸಬೇಕು. ರಸ್ತೆ ವಿಭಜಕದ ಡಾಂಬರಿನ ಕಾವಿಗೆ ಡುರಾಂಟ ಎಂಬ ಬೇಲಿಗಿಡವೇ ಸೈ. ಹೆಸರು ಕೇಳಿದರೆ ಕನ್ನಡ ಕಿವಿಗೆ ದುರಂತ ಎನಿಸುತ್ತದೆ, ಆದರೆ ಅದು ಹದಿನಾರನೆಯ ಶತಮಾನದ ಇಟಲಿಯ ವೈದ್ಯ ಕಸ್ತೋರೆ ದುರಾಂತೆಯ ನೆನಪಿಗೆ ಇಟ್ಟ ಹೆಸರು. ಪೂರ್ತಿ ಬಿಸಿಲು ಸಿಕ್ಕರೆ ಚಿನ್ನದ ಬಣ್ಣ, ನೆರಳು ಬಿದ್ದ ಮಗ್ಗುಲು ಹಸಿರು. ಒಂದೇ ಬೇಲಿಯಲ್ಲಿ ಎರಡು ಬಣ್ಣ ಕಂಡರೆ ಗಿಡಕ್ಕೆ ರೋಗವೆಂದು ಔಷಧಿ ಹೊಡೆಯುವ ಮುಂಚೆ ತಲೆಯೆತ್ತಿ ಮೇಲಿನ ಮರ ನೋಡಬೇಕು.

ಹಾಲಿನ ಕತ್ತಲೂ ಅಲ್ಲ, ಡಾಂಬರಿನ ಬಿಸಿಲೂ ಅಲ್ಲ ಎಂಬ ನಡುವಿನ ಬೆಳಕು ಈ ಬಯಲುಸೀಮೆಯಲ್ಲಿ ಯಾರೂ ಕಟ್ಟಿಸದೆ ಸಿದ್ಧವಾಗಿದೆ. ಅದು ತೆಂಗಿನ ತೋಟ. ಗುಬ್ಬಿಯಿಂದ ನಿಟ್ಟೂರಿನ ಕಡೆಗೋ ಚೇಳೂರಿನ ಕಡೆಗೋ ಹೊರಟರೆ ಎರಡೂ ಬದಿಗೆ ಕಾಣುವ ತೋಟಗಳ ಒಳಗೆ ಗರಿಗಳ ಸಂದಿಯಿಂದ ಇಳಿಯುವ ಬಿಸಿಲು ನೆಲದ ಮೇಲೆ ಓಡಾಡುತ್ತಿರುತ್ತದೆ. ಮಲುಕು ದ್ವೀಪಗಳ ಕಾಡಂಚಿನ ಬೆಳಕೂ ಹೆಚ್ಚುಕಡಿಮೆ ಹೀಗೆಯೇ. ಆ ದ್ವೀಪಗಳಲ್ಲಿ ತೆಂಗೂ ಕ್ರೋಟನ್ನೂ ಅಕ್ಕಪಕ್ಕದವೇ. 7.5 ಮೀಟರ್ ಅಂತರದಲ್ಲಿ ನೆಟ್ಟ ತೆಂಗಿನ ಬೇರು ಬುಡದಿಂದ 2 ಮೀಟರ್ ತ್ರಿಜ್ಯದೊಳಗೇ ಹೆಚ್ಚಾಗಿ ದುಡಿಯುತ್ತದೆ, ಉಳಿದ ಮುಕ್ಕಾಲು ನೆಲ ಬಿಡುವಾಗಿರುತ್ತದೆ ಎಂದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಬಹುಕಾಲದಿಂದ ಹೇಳುತ್ತ ಬಂದಿದೆ. ಸಸಿ ನೆಟ್ಟ ಮೊದಲ ಎಂಟು ವರ್ಷ ಬೆಳಕು ಧಾರಾಳ. ಆಮೇಲೆ ಗರಿಗಳು ಒಂದನ್ನೊಂದು ತಾಕಿ ನೆರಳು ದಟ್ಟವಾಗುತ್ತದೆ. ಇಪ್ಪತ್ತೈದು ದಾಟಿ ಮರ ಎತ್ತರಕ್ಕೆ ಹೋದ ಮೇಲೆ ಮತ್ತೆ ಬೆಳಕು ಕೆಳಗಿಳಿಯುತ್ತದೆ. ತಾತ ನೆಟ್ಟ ತೋಟವೇ ಎಲೆಗಿಡಕ್ಕೆ ಪ್ರಶಸ್ತ ಎಂದಾಯಿತು. ಡ್ರಸೀನಾ, ಕಾರ್ಡಿಲೈನ್, ಅರಾಲಿಯಾಗಳು ಒಳಸಾಲಿಗೆ, ಕ್ರೋಟನ್ನು ಬಿಸಿಲು ಬೀಳುವ ಅಂಚಿಗೆ. ಮರದ ಬುಡದಿಂದ ಎರಡು ಮೀಟರ್ ಬಿಡಲು ಬೇರಷ್ಟೇ ಕಾರಣವಲ್ಲ. ಮೇಲಿನಿಂದ ಒಣಗರಿ ಬಿದ್ದರೆ ಮೂರು ವರ್ಷದ ಪೊದೆ ಒಂದೇ ಏಟಿಗೆ ಮಲಗುತ್ತದೆ.

ಹೀಗೆ ಬೆಳೆದ ಎಲೆಗೆ ಗಿರಾಕಿಯೂ ಇದ್ದಾನೆ. ಮದುವೆ ಮಂಟಪದ ಗುಲಾಬಿ, ಜರ್ಬೆರಾಗಳ ಹಿಂದೆ ತುಂಬಲು ಹೂವಿನ ಅಲಂಕಾರದವರಿಗೆ ಬಣ್ಣದೆಲೆ ಬೇಕೇ ಬೇಕು. ಹೂವು ಸಂಜೆಗೆ ಬಾಡಿದರೂ ಕಾರ್ಡಿಲೈನ್ ಎಲೆ ವಾರ ನಿಲ್ಲುತ್ತದೆ. ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆ ಹತ್ತಿರ, ಬೆಂಗಳೂರು ಎಪ್ಪತ್ತು ಕಿಲೋಮೀಟರ್. ಹಾಗೆಂದು ಎಕರೆಗಟ್ಟಲೆ ನೆಡಿ ಎಂದು ಯಾರಾದರೂ ಹುರಿದುಂಬಿಸಿದರೆ ವೆನಿಲ್ಲಾ ನೆನಪಾಗಬೇಕು. 2003ರ ಸುಮಾರಿಗೆ ಬೆಲೆ ಗಗನಕ್ಕೇರಿದ್ದ ಅದರ ಕೋಡು ಎರಡೇ ವರ್ಷದಲ್ಲಿ ಕೇಳುವವರಿಲ್ಲದೆ ಬಿತ್ತು. ಅಂದದ ಎಲೆಯ ಬೇಡಿಕೆ ಲಗ್ನದ ತಿಂಗಳುಗಳಿಗೆ ಗಂಟುಬಿದ್ದದ್ದು, ಆಷಾಢದಲ್ಲಿ ಅದಕ್ಕೆ ದಿಕ್ಕಿಲ್ಲ. ತೋಟದ ಖಾಲಿ ಸಾಲಿನಲ್ಲಿ ನಾಲ್ಕು ಬಗೆ ನೆಟ್ಟು ಕೈ ಪಳಗಿಸಿಕೊಳ್ಳುವುದೇ ಜಾಣತನ.

ಚೇಳೂರಿನ ಮಾತು ಬಂದಿದ್ದರಿಂದ ಸಿದ್ದು ಹಲಸನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ತಾಮ್ರದ ಕೆಂಪಿನ ತೊಳೆಯ ಆ ಒಂಟಿ ಮರ ಸಿಕ್ಕಿದ್ದು ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ. ನೆಟ್ಟ ಸಿದ್ದಪ್ಪನವರ ಹೆಸರೇ ತಳಿಗೆ. ತುಮಕೂರು ಬಳಿಯ ಹಿರೇಹಳ್ಳಿಯಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಯೋಗ ಕೇಂದ್ರವಿದೆ; ಅದರ ನೆರವಿನಿಂದ ಮರದ ಕುಡಿಗಳು ಕಸಿಯಾಗಿ ಊರೂರಿಗೆ ಹೋದವು. ಬೀಜ ಕೊಟ್ಟಿದ್ದರೆ ಸಾಲದೇ? ಸಾಲದು, ಬೀಜದಿಂದ ಹುಟ್ಟಿದ್ದು ಸಿದ್ದು ಆಗುವುದಿಲ್ಲ. ಕ್ರೋಟನ್ನಿನದೂ ಇದೇ ಹಣೆಬರಹ. ಅದರ ಬೀಜ ಬಿತ್ತಿದರೆ ಹತ್ತು ಸಸಿ ಹತ್ತು ಬಗೆ. ಹೊಸ ತಳಿ ಹುಡುಕುವವರಿಗೆ ಅದು ಹಬ್ಬ, ಪಕ್ಕದ ಮನೆಯದೇ ಬೇಕೆಂಬವರಿಗೆ ಕಡ್ಡಿಯೊಂದೇ ಗತಿ.

ಕೆಲವು ಗಿಡಗಳಲ್ಲಿ ಕಡ್ಡಿ, ಎಲೆಯೂ ಕೈಕೊಡುತ್ತವೆ. ಅಂಚಿಗೆ ಹಳದಿ ಪಟ್ಟಿಯಿರುವ, ಕತ್ತಿಯಂತೆ ನೆಟ್ಟಗೆ ನಿಲ್ಲುವ ಸ್ನೇಕ್ ಪ್ಲಾಂಟ್ ಬಹಳ ಮನೆಗಳಲ್ಲಿದೆ. ಅದರ ಎಲೆಯನ್ನು ತುಂಡು ಮಾಡಿ ನೆಟ್ಟರೆ ಮರಿಗಳೇನೋ ಬರುತ್ತವೆ, ಹಳದಿ ಪಟ್ಟಿ ಮಾಯ. ಆ ಗಿಡ ಎರಡು ಬಗೆಯ ಜೀವಕೋಶಗಳ ಪದರ ಒಂದರ ಮೇಲೊಂದು ಕೂತ ಜೋಡಿ ಸಂಸಾರ. ಎಲೆಯ ತುಂಡಿನಿಂದ ಹೊಸ ಮೊಳಕೆ ಹುಟ್ಟುವುದು ಒಳಗಿನ ಹಸಿರು ಪದರದಿಂದ ಮಾತ್ರ. ಪಟ್ಟಿ ಉಳಿಯಬೇಕಾದರೆ ಬುಡದ ಮರಿಯನ್ನು ಬೇರುಸಮೇತ ಬಿಡಿಸಿ ನೆಡಬೇಕು.

ಕಡ್ಡಿ ನೆಡುವ ಕಾಲದ ಬಗ್ಗೆ ಪುಸ್ತಕಗಳು ಜೂನ್-ಜುಲೈ ಎನ್ನುತ್ತವೆ. ಅದು ಮಲೆನಾಡು, ಕರಾವಳಿಯ ಪಂಚಾಂಗ. ತುಮಕೂರಿನ ಮಳೆಗೆ ಬೇರೆ ಲಯ. ಮೃಗಶಿರ, ಆರಿದ್ರಾ ಹನಿದು ಹೋಗುತ್ತವೆ, ಜುಲೈಯಲ್ಲಿ ಬಿರುಗಾಳಿಯೇ ಹೆಚ್ಚು. ನೆಲ ತಣಿಯುವುದು ಹುಬ್ಬೆ, ಉತ್ತರೆ, ಹಸ್ತ ಮಳೆಗಳಲ್ಲಿ. ಕಡ್ಡಿಗೂ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಅನುಕೂಲ. ತುಂಬ ಎಳೆಯದೂ ಅಲ್ಲದ, ಕಟ್ಟಿಗೆಯೂ ಆಗದ ಕಡ್ಡಿ, ಅರ್ಧ ಗೇಣಿನಿಂದ ಮುಕ್ಕಾಲು ಗೇಣು ಉದ್ದ. ಕೆಳಗಿನ ಎಲೆ ತೆಗೆದು, ತುದಿಯ ಎರಡು ಮೂರು ಎಲೆ ಉಳಿಸಿ, ಅವೂ ಅಗಲವಾಗಿದ್ದರೆ ಅರ್ಧಕ್ಕೆ ಕತ್ತರಿಸಿ, ಕಡಿದ ತುದಿಯ ಹಾಲು ನಿಲ್ಲುವವರೆಗೆ ನೀರಲ್ಲಿ ಅದ್ದಿ ನೆಟ್ಟರೆ ನಾಲ್ಕರಿಂದ ಆರು ವಾರಕ್ಕೆ ಬೇರು. ದೊಡ್ಡ ಗಿಡವೇ ಬೇಗ ಬೇಕೆಂದರೆ ಗೂಟಿ ಕಟ್ಟುವುದು ಒಳ್ಳೆಯದು. ಹೆಬ್ಬೆರಳು ದಪ್ಪದ ರೆಂಬೆಯಲ್ಲಿ ಒಂದಂಗುಲ ತೊಗಟೆಯನ್ನು ಬಳೆಯಂತೆ ಸುಲಿದು, ಒದ್ದೆ ನಾರಿನ ಪುಡಿ ಸುತ್ತಿ, ಪಾಲಿಥೀನ್ ಹಾಳೆಯಿಂದ ಬಿಗಿದು ಕಟ್ಟಿದರೆ ತಾಯಿಗಿಡದ ಮೇಲೆಯೇ ಬೇರೊಡೆಯುತ್ತದೆ. ಹಾಳೆಯೊಳಗೆ ಬಿಳಿ ಬೇರು ಹರಿದಾಡುವುದು ಕಣ್ಣಿಗೆ ಕಂಡ ಮೇಲೆ ಕೆಳಗೆ ಕತ್ತರಿಸಿ ಕುಂಡಕ್ಕೆ ಇಳಿಸುವುದು.

ಆ ನಾರಿನ ಪುಡಿಯೂ ಈ ಸೀಮೆಯದೇ. ತೆಂಗಿನ ಮಟ್ಟೆಯಿಂದ ನಾರು ಬಿಡಿಸುವಾಗ ನಾರಿಗಿಂತ ಪುಡಿಯೇ ಹೆಚ್ಚು ಉದುರುತ್ತದೆ. ಒಂದು ಕಾಲಕ್ಕೆ ನಾರಿನ ಕಾರ್ಖಾನೆಗಳ ಹಿಂದೆ ಗುಡ್ಡೆ ಬಿದ್ದು, ಮಳೆಗಾಲದಲ್ಲಿ ಕಂದು ನೀರು ಹರಿಸುತ್ತಿದ್ದ ಈ ಕಸವೇ ಈಗ ಕೊಕೊಪೀಟ್ ಎಂಬ ಹೆಸರಲ್ಲಿ ಇಟ್ಟಿಗೆಯಾಗಿ ಒತ್ತಿ ಮಾರಾಟವಾಗುತ್ತದೆ. ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ, ಆದರೂ ಬೇರಿಗೆ ಗಾಳಿಯಾಡಲು ಬಿಡುತ್ತದೆ. ಹಸಿ ಪುಡಿಯಲ್ಲಿ ಉಪ್ಪಿನಂಶವೂ ಒಗರೂ ಇರುವುದರಿಂದ ಎರಡು ಮೂರು ಸಲ ನೆನೆಸಿ ಹಿಂಡಿ ಬಳಸಬೇಕು. ಕೆಮ್ಮಣ್ಣು, ಕಳಿತ ಕೊಟ್ಟಿಗೆ ಗೊಬ್ಬರ, ತೊಳೆದ ನಾರಿನ ಪುಡಿ ಸಮಪಾಲು ಸೇರಿಸಿದರೆ ಕುಂಡಕ್ಕೆ ಸಾಕು. ತೋಟಕ್ಕೆ ಚಿನ್ನವಾದ ಕೆರೆಗೋಡು ಮಾತ್ರ ಕುಂಡಕ್ಕೆ ಬೇಡ, ಒಣಗಿದರೆ ಕಲ್ಲು. ಹೊರರಾಜ್ಯದಿಂದ, ಅದರಲ್ಲೂ ಗೋದಾವರಿ ದಡದ ಕಡಿಯಂ ಕಡೆಯಿಂದ ಲಾರಿಗಟ್ಟಲೆ ಬರುವ ಗಿಡಗಳ ಬುಡದಲ್ಲಿ ಇಂಥದೇ ಜೇಡಿಮಣ್ಣಿನ ಉಂಡೆ ಇರುತ್ತದೆ. ಅದನ್ನು ಹಾಗೆಯೇ ಹೊಸ ಮಣ್ಣಲ್ಲಿ ಹೂತರೆ ಮೇಲೆ ಹಾಕಿದ ನೀರು ಉಂಡೆಯ ಸುತ್ತ ಜಾರಿಹೋಗಿ ಒಳಗಿನ ಬೇರು ಬಾಯಾರಿ ಸಾಯುತ್ತದೆ. ಬಕೆಟ್ ನೀರಲ್ಲಿ ನೆನೆಸಿ, ಬೇರು ಹರಿಯದಂತೆ ಅರ್ಧದಷ್ಟಾದರೂ ಜೇಡಿ ಕರಗಿಸಿ ನೆಡುವುದು ಮೇಲು.

ಮಣ್ಣು, ಬೆಳಕು ಸರಿಯಿದ್ದೂ ಡ್ರಸೀನಾ, ಕಾರ್ಡಿಲೈನ್‌ಗಳ ಎಲೆಯ ತುದಿ ಸಿಗರೇಟಿನ ಬೆಂಕಿ ತಾಕಿದಂತೆ ಕಂದಾಗುವುದು ಇಲ್ಲಿ ಸಾಮಾನ್ಯ. ನೀರು ಕಮ್ಮಿಯಾಯಿತೆಂದು ಇನ್ನಷ್ಟು ಹಾಕುತ್ತಾರೆ, ತುದಿ ಇನ್ನಷ್ಟು ಸುಡುತ್ತದೆ. ಅನುಮಾನಿಸಬೇಕಾದದ್ದು ನೀರಿನ ಪ್ರಮಾಣವನ್ನಲ್ಲ, ನೀರನ್ನೇ. ಈ ಎರಡೂ ಗಿಡಗಳಿಗೆ ಫ್ಲೋರೈಡ್ ಆಗುವುದಿಲ್ಲ. ಬೇರಿನಿಂದ ಹೀರಿದ ಫ್ಲೋರೈಡ್ ಎಲೆಯ ತುದಿಯವರೆಗೆ ಸಾಗಿ ಅಲ್ಲಿ ಸೇರಿಕೊಂಡು ಜೀವಕೋಶಗಳನ್ನು ಕೊಲ್ಲುತ್ತದೆ. ತುಮಕೂರು ಜಿಲ್ಲೆಯವರಿಗೆ ಫ್ಲೋರೈಡ್ ಹೊಸ ಪದವಲ್ಲ, ಪಾವಗಡದ ಹಳ್ಳಿಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಎಳೆದದ್ದು ಅದೇ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ನಿಯಮವಿದೆ. ಡ್ರಸೀನಾ ಅದಕ್ಕಿಂತಲೂ ನಾಜೂಕು. ಕೊಳವೆಬಾವಿಯ ನೀರೇ ಗತಿಯಾದಲ್ಲಿ ಈ ಎರಡಕ್ಕಾದರೂ ಮಳೆನೀರು ಹಿಡಿದಿಟ್ಟು ಹಾಕಬೇಕು. ಸೂಪರ್ ಫಾಸ್ಫೇಟ್ ಗೊಬ್ಬರವೂ ಬೇಡ, ಶಿಲಾರಂಜಕದಿಂದ ಮಾಡುವ ಅದರಲ್ಲೂ ಫ್ಲೋರೈಡ್ ಉಳಿದಿರುತ್ತದೆ. ಅಂದಹಾಗೆ ಹಳದಿ ಅಂಚಿನ ಡ್ರಸೀನಾಕ್ಕೆ ‘ಸಾಂಗ್ ಆಫ್ ಇಂಡಿಯಾ’ ಎಂದು ಹೆಸರು. ಅದರ ತವರು ಮಡಗಾಸ್ಕರ್ ಮತ್ತು ಸುತ್ತಲಿನ ದ್ವೀಪಗಳು. ಇಂಡಿಯಾದ ನೀರು ಅದಕ್ಕೆ ಪಥ್ಯವಲ್ಲ ಎಂಬುದಂತೂ ತುಮಕೂರಿನಲ್ಲಿ ಸಾಬೀತು.

ರೋಗ, ಕೀಟಗಳ ಪಟ್ಟಿ ಉದ್ದವಿಲ್ಲ. ಎಲೆಯ ಕಂಕುಳಲ್ಲಿ ಹತ್ತಿಯಂತೆ ಕೂರುವ ಹಿಟ್ಟು ತಿಗಣೆ ಒಂದು, ಬೇಸಿಗೆಯ ಒಣಹವೆಯಲ್ಲಿ ಎಲೆಯ ಕೆಳಗೆ ಬಲೆ ನೇಯ್ದು ಬಣ್ಣ ಹೀರುವ ನುಸಿ ಇನ್ನೊಂದು. ತೆಂಗಿನ ಕಾಯಿಯ ಮೇಲೆ ಗಾಯದ ಕಲೆ ಬಿಡುವ ನುಸಿ ಇದಲ್ಲ, ದಾಯಾದಿ. ವಾರಕ್ಕೊಮ್ಮೆ ಎಲೆಯ ಅಡಿಗೆ ನೀರು ಚಿಮ್ಮಿಸಿ ತೊಳೆದರೆ ನುಸಿ ನೆಲೆಯೂರುವುದಿಲ್ಲ. ತಿಗಣೆಗೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಕಲೆಯಲು ಚಿಟಿಕೆ ಸೋಪು, ಸಂಜೆಯ ತಂಪಿನಲ್ಲಿ.

ಕುಣಿಗಲ್ಲಿಗೆ ಬಂದರೆ ಬಣ್ಣದೆಲೆಯ ಗಿಡಗಳ ಬೇರೊಂದು ಸ್ವಭಾವ ಕಾಣುತ್ತದೆ. ಜನಪದ ಹಾಡಿನಿಂದ ನಾಡಿಗೆಲ್ಲ ಹೆಸರಾದ ಕೆರೆಯ ಊರು, ಬೆಂಗಳೂರು-ಮಂಗಳೂರು ಹೆದ್ದಾರಿಯ ಮೇಲಿದೆ. ಈ ದಾರಿಯ ಡಾಬಾ, ಕಲ್ಯಾಣ ಮಂಟಪ, ಹೊಸ ಬಡಾವಣೆಗಳ ಮುಂದೆ ಡಿಸೆಂಬರ್‌ನಲ್ಲಿ ಕೆಂಪಾಗುವ ಪಾಯಿನ್ಸೆಟಿಯಾ ನಿಲ್ಲುತ್ತದೆ. ಅದು ಮೆಕ್ಸಿಕೋದ್ದು. ಅಲ್ಲಿಗೆ ರಾಯಭಾರಿಯಾಗಿ ಹೋಗಿದ್ದ ಜೋಯೆಲ್ ಪಾಯಿನ್ಸೆಟ್ 1828ರ ಹೊತ್ತಿಗೆ ಅಮೆರಿಕಕ್ಕೆ ಕಳಿಸಿದ್ದರಿಂದ ಆ ಹೆಸರು. ಕೆಂಪಗಿರುವುದು ಹೂವಲ್ಲ, ಎಲೆ. ಹೂವು ನಡುವಿನ ಹಳದಿ ಗುಂಡಿಗಳು. ಈ ಎಲೆ ಕೆಂಪಾಗಲು ಬಿಸಿಲಿಗಿಂತ ರಾತ್ರಿಯೇ ಮುಖ್ಯ. ವಾರಗಟ್ಟಲೆ ಉದ್ದನೆಯ, ಎಡೆಬಿಡದ ಕತ್ತಲು ಸಿಗಬೇಕು. ಚಳಿಗಾಲದಲ್ಲಿ ರಾತ್ರಿ ಉದ್ದವಾಗುತ್ತ ಹೋದಂತೆ ಗಿಡ ದಿನ ಎಣಿಸುತ್ತದೆ. ಬೀದಿದೀಪದ ಕೆಳಗಿನ ಗಿಡಕ್ಕೆ ರಾತ್ರಿಯೇ ಆಗುವುದಿಲ್ಲ. ಒಂದೇ ದಿನ ಒಂದೇ ಗಿಡದ ಕಡ್ಡಿಗಳನ್ನು ಸಾಲಾಗಿ ನೆಟ್ಟಿದ್ದರೂ ದೀಪದ ಕಂಬದ ಹತ್ತಿರದ್ದು ಸಂಕ್ರಾಂತಿಯವರೆಗೂ ಹಸಿರಾಗಿಯೇ ಉಳಿದು, ಹತ್ತು ಹೆಜ್ಜೆ ಆಚೆ ಕತ್ತಲಲ್ಲಿದ್ದದ್ದು ಕ್ರಿಸ್‌ಮಸ್ಸಿಗೇ ಕೆಂಪೇರುತ್ತದೆ. ಎಲ್‌ಇಡಿ ದೀಪ ಬಂದ ಮೇಲೆ ಗಿಡ ಕೆಟ್ಟಿತೆಂದು ಗೊಬ್ಬರ ಸುರಿದರೆ ಸೊಂಪಾಗಿ ಬೆಳೆದೀತು, ಆಗಲೂ ಹಸಿರಾಗಿಯೇ.

ಕ್ರೋಟನ್ನಿನಲ್ಲಿ ಇದಕ್ಕೆ ತಿರುಗುಮುರುಗು: ಕೆಂಪಿಗೆ ಬೇಕಾದದ್ದು ಕತ್ತಲಲ್ಲ, ಬೆಳಕು ಮತ್ತು ಎಲೆಯ ವಯಸ್ಸು. ಉತ್ತರೆ ಮಳೆಯಲ್ಲಿ ನೆಟ್ಟ ಕಡ್ಡಿ ದೀಪಾವಳಿ ಹೊತ್ತಿಗೆ ಮೊದಲ ಎಲೆ ಬಿಚ್ಚುತ್ತದೆ. ಆ ಎಲೆ ಹಸಿರು, ಹೆಚ್ಚೆಂದರೆ ಹಸಿರಿನ ಮೇಲೆ ಹಳದಿ ಗೆರೆ. ಪಕ್ಕದ ಮನೆಯ ಕೆಂಪು ಗಿಡದ ಕಡ್ಡಿ ತಂದವರು ಬೇರೆ ಯಾವುದೋ ಕೊಟ್ಟರೆಂದು ಕಿತ್ತೆಸೆಯುವುದು ಈ ಹಂತದಲ್ಲೇ. ಹಲವು ತಳಿಗಳಲ್ಲಿ ಕೆಂಪು ಬರುವುದು ಎಲೆ ಬಲಿತ ಮೇಲೆ, ಮೊದಲು ನರಕ್ಕೆ, ಆಮೇಲೆ ಅಂಚಿಗೆ, ಕೊನೆಗೆ ಮೈಗೆಲ್ಲ. ಒಂದೇ ಗಿಡದಲ್ಲಿ ಮೇಲಿನ ಎಲೆ ಹಳದಿ, ನಡುವಿನದು ಕಿತ್ತಳೆ, ಬುಡದ್ದು ಕಡುಗೆಂಪು ಕಾಣುವುದು ಅದಕ್ಕೇ. ಆ ಪುಟ್ಟ ಕುಂಡವನ್ನು ಬೆಳಗಿನ ಬಿಸಿಲು ಬೀಳುವ ಕಡೆ ತಿರುಗಿಸಿಟ್ಟು, ಬೆರಳಿಟ್ಟು ನೋಡಿ ಮಣ್ಣು ಒಣಗಿದಾಗ ಮಾತ್ರ ನೀರು ಹಾಕುತ್ತ, ಯುಗಾದಿಯವರೆಗೆ ಅದರ ಪಾಡಿಗೆ ಬಿಡಬೇಕು.